ನಮ್ಮೂರ ಪಳ್ಳಿ ಬಗ್ಗೆ ಕೇಳಿದ್ರಲ್ಲ

ನೀವು ಬೆಂಗಳೂರಿನವರು ನಮ್ಮೂರ ಮಸೀದಿ ಬಗ್ಗೆ ಕೇಳಿದ್ದು ಖುಷಿ ಆಯ್ತು, ಯಾಕಂದ್ರೆ ಕಾಸರಗೋಡು ಅಂದ್ರೆ ಆ ಕಡೆಯವರಿಗೆ 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋದ ಊರು ಅಂತ ಮಾತ್ರ ಗೊತ್ತಿರೋದು. ನಾನು ಮಂಜೇಶ್ವರದ ಹತ್ತಿರದವ, ಮುಸ್ಲಿಂ ಅಲ್ಲ, ಆದ್ರೆ ಹುಟ್ಟಿದ್ದು ಬೆಳೆದದ್ದು ಎಲ್ಲ ಪಳ್ಳಿಯ ಬಾಂಗ್ (ನಮಾಜಿನ ಕರೆ) ಕೇಳುವಷ್ಟು ಹತ್ತಿರದ ಮನೆಯಲ್ಲಿ. ಮಸೀದಿಗೆ ನಾವು ಪಳ್ಳಿ ಅಂತಲೇ ಹೇಳೋದು.

ಹಳೇದು ಅಂದ್ರೆ ಕಾಸರಗೋಡು ಪೇಟೆ ಹತ್ತಿರದ ತಳಂಗರೆಯ ಮಾಲಿಕ್ ದೀನಾರ್ ಪಳ್ಳಿ. ಅರಬ್ ದೇಶದಿಂದ ಬಂದ ಮಾಲಿಕ್ ಇಬ್ನ್ ದೀನಾರ್ ಮತ್ತು ಜೊತೆಯವರು ಕರಾವಳಿಯಲ್ಲಿ ಕಟ್ಟಿದ ಪಳ್ಳಿಗಳಲ್ಲಿ ಅದೂ ಒಂದು, ಹಿಜರಿ 22ರಲ್ಲಿ (ಸುಮಾರು ಕ್ರಿ.ಶ. 643) ಅಂತ ನಂಬಿಕೆ. ನಮ್ಮ ಮಂಜೇಶ್ವರದ ಉದ್ಯಾವರದ ಸಾವಿರ ಜಮಾಅತ್ ಪಳ್ಳಿಯ ವಿಷಯ ಬೇರೆ, ಅಲ್ಲಿಗೆ ಅರಸು ಮಂಜಿಷ್ಣಾರ್ ದೈವದ ಪಾತ್ರಿಗಳು (ದೈವ ಮೈಮೇಲೆ ಬರುವವರು) ಜಾತ್ರೆಗೆ ಮೊದಲು ಒಂದು ಶುಕ್ರವಾರ ಪರಿವಾರ ಸಮೇತ ಬಂದು ಜಮಾಅತಿನವರನ್ನು, ಅಂದ್ರೆ ಪಳ್ಳಿಗೆ ಸೇರಿದವರನ್ನು, ಜಾತ್ರೆಗೆ ಕರೀತಾರೆ. ಚಿಕ್ಕಂದಿನಿಂದ ನೋಡಿದ್ದೇನೆ, ಈಗಲೂ ಅದನ್ನು ನೋಡುವಾಗ ಮೈ ಜುಂ ಅಂತದೆ.

ಪಳ್ಳಿಯಲ್ಲಿ ನಮಾಜು ಮಾತ್ರ ಅಂತ ತಿಳ್ಕೊಬೇಡಿ. ಮದುವೆ ರಿಜಿಸ್ಟರ್, ಮನೆ ಜಗಳ, ಬಡ ಹುಡುಗಿಯ ಮದುವೆಗೆ ಸಹಾಯ, ಮಯ್ಯತ್ (ಸಾವು) ಆದ್ರೆ ಕಫನ್ ಬಟ್ಟೆಯಿಂದ ಕಬರು ತೋಡುವವರೆಗೆ ಎಲ್ಲ ಮಹಲ್ಲು ಕಮಿಟಿಯವರು (ಪಳ್ಳಿಗೆ ಸೇರಿದ ಮನೆಗಳ ಕಮಿಟಿ) ನೋಡ್ತಾರೆ. ಬೆಳಿಗ್ಗೆ ಮಕ್ಕಳಿಗೆ ಮದ್ರಸ, ಅಲ್ಲಿ ಅರಬಿಮಲಯಾಳದ ಪುಸ್ತಕ ಉಂಟು, ಲಿಪಿ ಅರಬ್ಬಿ ಭಾಷೆ ಮಲಯಾಳ, ಅದನ್ನು ಓದಿದ ಮಕ್ಕಳೇ ಮತ್ತೆ ಬ್ಯಾಗ್ ಹಾಕ್ಕೊಂಡು ಕನ್ನಡ ಶಾಲೆಗೆ ಓಡೋದು, ಮನೆಯಲ್ಲಿ ಬ್ಯಾರಿ ಮಾತಾಡ್ತಾರೆ, ನಮ್ಮತ್ರ ತುಳು. ಉಪ್ಪಳದ ಕಡೆ ಹೋದ್ರೆ ಉರ್ದು ಮನೆಮಾತಿನವರೂ ಸಿಗ್ತಾರೆ.

ಉಪವಾಸದ ತಿಂಗಳು ಬಂದ್ರೆ ಅಸರ್ (ಸಂಜೆ ಮುಂಚಿನ ನಮಾಜು) ಹೊತ್ತಿಗೆ ಪಳ್ಳಿ ಹಿತ್ತಲಲ್ಲಿ ಗಂಜಿಯ ದೊಡ್ಡ ಚರಿಗೆ ಏರ್ತದೆ. ಅಕ್ಕಿ, ಮೆಂತೆ, ಜೀರಿಗೆ, ಅರಿಶಿನ, ಕೊನೆಗೆ ತೆಂಗಿನಹಾಲು. ಮುಕ್ರಿಕ್ಕ (ಪಳ್ಳಿ ನೋಡಿಕೊಳ್ಳುವವರು) ಉದ್ದ ಸೌಟಿನಲ್ಲಿ ತಿರುಗಿಸ್ತಾ ನಿಂತಿರ್ತಾರೆ, ಮಕ್ಕಳು ಸ್ಟೀಲ್ ತೂಕುಪಾತ್ರೆ (ತೂಗಿ ಹಿಡಿಯುವ ಮುಚ್ಚಳದ ಪಾತ್ರೆ) ಹಿಡಿದು ಸಾಲಾಗಿ. ಅಮ್ಮನಿಗೆ ಹೊಟ್ಟೆ ಸರಿ ಇಲ್ಲದ ವರ್ಷ ಪಕ್ಕದ ಮನೆ ಇಚ್ಚ (ಅಣ್ಣನಿಗೆ ಇಲ್ಲಿ ಹಾಗೆ ಕರೆಯೋದು) ತಿಂಗಳಿಡೀ ನಮಗೂ ಒಂದು ತೂಕು ತಂದು ಕೊಟ್ಟಿದ್ದಾರೆ, ಮುಚ್ಚಳ ತೆಗೆದ್ರೆ ಜೀರಿಗೆ ಪರಿಮಳ ಅಂಗಳದವರೆಗೆ.

ಆದ್ರೆ ನನಗೆ ಹೇಳ್ಲೇಬೇಕಾದ್ದು ಆಂಬುಲೆನ್ಸ್ ವಿಷಯ. ನಮ್ಮದು ಕೇರಳ ಆದ್ರೂ ಆಸ್ಪತ್ರೆ ಅಂದ್ರೆ ಮಂಗಳೂರೇ, ಗಡಿಯ ತಲಪಾಡಿ ದಾಟಿದ್ರೆ ಆಯ್ತು. ಹಾಗಾಗಿ ಪಳ್ಳಿಯ ಹುಡುಗರು ದುಡ್ಡು ಒಟ್ಟು ಮಾಡಿ ಗಾಡಿ ಇಟ್ಕೊಂಡಿದ್ದಾರೆ, ಜಾತಿ ಕೇಳೋದಿಲ್ಲ, ಇದ್ದವರು ಡೀಸಲ್ ಹಾಕಿಸ್ತಾರೆ ಇಲ್ಲದವರು ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಗಡಿ ಬಂದ್ ಆದಾಗ ಒಳರಸ್ತೆಗೂ ಮಣ್ಣು ಸುರಿದಿದ್ರು, ಡಯಾಲಿಸಿಸ್‌ನವರ ಪಾಡು ಯಾರಿಗೂ ಬೇಡ. ನನ್ನ ಚಿಕ್ಕಪ್ಪನನ್ನು ಅದೇ ಗಾಡಿಯಲ್ಲಿ ಗಡಿಯಿಂದ ವಾಪಸ್ ತಿರುಗಿಸಿ ದೂರದ ಆಸ್ಪತ್ರೆಗೆ ಕರ್ಕೊಂಡು ಹೋದದ್ದು, ಡ್ರೈವರ್ ಹುಡುಗ ರಾತ್ರಿಯಿಡೀ ಹೊರಗೆ ಕೂತಿದ್ದ, ನೀರು ಬಿಟ್ರೆ ಬೇರೆ ಎಂತದೂ ಇರ್ಲಿಲ್ಲ ಅವನತ್ರ.

ಬರೋದಾದ್ರೆ ಶುಕ್ರವಾರ ಮಧ್ಯಾಹ್ನ ಬೇಡ, ಜುಮಾಕ್ಕೆ ರಸ್ತೆಯಲ್ಲಿ ಕಾಲಿಡ್ಲಿಕ್ಕೆ ಜಾಗ ಇರೋದಿಲ್ಲ. ಬೇರೆ ದಿನ ಸಂಜೆ ಬನ್ನಿ, ನಾನೇ ಕರ್ಕೊಂಡು ಹೋಗ್ತೇನೆ, ಮುಕ್ರಿಕ್ಕ ಚಾ ಕುಡಿಸದೆ ಬಿಡೋದಿಲ್ಲ.