ಕಿಟಕಿಯ ಬಿಸಿಲು ಇಗುವಾನಕ್ಕೆ ಸಾಲದು
ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಎಂಟು ತಿಂಗಳ ಹಿಂದೆ ಮಗನ ಹಟಕ್ಕೆ ಮಣಿದು ಹಸಿರು ಇಗುವಾನವೆಂಬ ದೊಡ್ಡ ಹಲ್ಲಿಯ ಮರಿಯೊಂದನ್ನು ತಂದೆವು. ಕಿಟಕಿಯ ಪಕ್ಕ, ಹಳೆಯ ಅಕ್ವೇರಿಯಂನಲ್ಲಿ ಇಟ್ಟಿದ್ದೇವೆ. ದಿನವೂ ಪಾಲಕ್ ಸೊಪ್ಪು, ಬೇಯಿಸಿದ ಮೊಟ್ಟೆ ಕೊಡುತ್ತೇವೆ. ಹಿಂಗಾಲುಗಳು ದಪ್ಪಗಾದಾಗ ಚೆನ್ನಾಗಿ ಬೆಳೆಯುತ್ತಿದೆಯೆಂದು ಸಂತೋಷಪಟ್ಟೆವು. ಈಗ ಬೆರಳುಗಳು ಅದುರುತ್ತಿವೆ, ಕೊಂಬೆ ಹತ್ತಲೂ ಆಗುತ್ತಿಲ್ಲ. ಏನು ಮಾಡಬೇಕು?
– ಗೃಹಿಣಿ, ಮೈಸೂರು

ಉತ್ತರ: ತಡಮಾಡದೆ, ಸರೀಸೃಪಗಳ ಚಿಕಿತ್ಸೆಯಲ್ಲಿ ಅನುಭವವಿರುವ ಪಶುವೈದ್ಯರಿಗೆ ತೋರಿಸಿ. ಇವು ಸುಣ್ಣದ ಅಂಶದ, ಅಂದರೆ ಕ್ಯಾಲ್ಸಿಯಂನ, ಕೊರತೆಯಿಂದ ಮೂಳೆಗಳು ಮೆತ್ತಗಾಗುವ ರೋಗದ ಲಕ್ಷಣಗಳು. ರಕ್ತದಲ್ಲಿ ಕ್ಯಾಲ್ಸಿಯಂ ಸಾಲದೆ ಹೋದಾಗ ದೇಹವು ಅದನ್ನು ತನ್ನ ಮೂಳೆಗಳಿಂದಲೇ ತೆಗೆದುಕೊಳ್ಳುತ್ತದೆ. ಸೊರಗಿದ ಮೂಳೆಯ ಸುತ್ತ ನಾರಿನಂಥ ಅಂಗಾಂಶ ಬೆಳೆಯುವುದರಿಂದ ಕಾಲು ಪುಷ್ಟವಾದಂತೆ ಕಾಣುತ್ತದೆ. ಈ ನೋಟ ಎಷ್ಟೋ ಮನೆಗಳವರನ್ನು ನಿಮ್ಮಂತೆಯೇ ಮೋಸಗೊಳಿಸಿದೆ, ಆದ್ದರಿಂದ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಮೂಲ ದೋಷವಿರುವುದು ಬೆಳಕಿನಲ್ಲಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ, ಹೆಚ್ಚಾಗಿ ನೀರಿನ ದಡದ ಎತ್ತರದ ಮರಗಳ ಮೇಲೆ ಬಿಸಿಲು ಕಾಯಿಸುತ್ತ ಬದುಕುವ ಈ ಪ್ರಾಣಿ, ಬಿಸಿಲಿನ ಅತಿನೇರಳೆ ‘ಬಿ’ ಕಿರಣ ಚರ್ಮಕ್ಕೆ ತಾಗಿದಾಗ ಡಿ3 ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿಯ ಗಾಜು ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಟ್ಟು, ಈ ಕಿರಣವನ್ನು ಮಾತ್ರ ಬಹುಪಾಲು ತಡೆಯುತ್ತದೆ. ಹಾಗೆಂದು ಗಾಜಿನ ತೊಟ್ಟಿಯನ್ನೇ ಬಿಸಿಲಿಗೆ ಇಡಬೇಡಿ, ಒಳಗಿನ ಪ್ರಾಣಿ ಸ್ವಲ್ಪ ಹೊತ್ತಿನಲ್ಲೇ ಬೆಂದುಹೋಗುತ್ತದೆ. ಅರ್ಧ ನೆರಳಿರುವ ತಂತಿಬಲೆಯ ಗೂಡು ಮಾಡಿಸಿ, ಬೆಳಗಿನ ಬಿಸಿಲಿನಲ್ಲಿ ನಿಮ್ಮ ಕಣ್ಣೆದುರೇ ಇಡಿ. ಮನೆಯೊಳಗೆ ಸರೀಸೃಪಗಳಿಗೆಂದೇ ಮಾಡಿದ, ಇದೇ ಅತಿನೇರಳೆ ‘ಬಿ’ ಕಿರಣ ಬೀರುವ ಯುವಿಬಿ ಟ್ಯೂಬ್‌ಲೈಟನ್ನು ದಿನಕ್ಕೆ 12 ಗಂಟೆ ಉರಿಸಿ. ಅದು ಬೆಳಗುತ್ತಲೇ ಇದ್ದರೂ ಅತಿನೇರಳೆ ಕಿರಣ ಕುಗ್ಗುತ್ತ ಹೋಗುವುದರಿಂದ ತಯಾರಕರು ಸೂಚಿಸಿದ ಅವಧಿಗೆ ಬದಲಿಸಲೇಬೇಕು. ಮೈ ಕಾಯಿಸುವ ಕೊಂಬೆಯ ಬಳಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖವಿರಲಿ, ಇನ್ನೊಂದು ತುದಿ ತಂಪಾಗಿರಲಿ.

ಇಗುವಾನ ಸೊಪ್ಪು ತಿನ್ನುವ ಪ್ರಾಣಿ, ಮೊಟ್ಟೆಯನ್ನು ಇಂದೇ ನಿಲ್ಲಿಸಿ. ಪಾಲಕ್‌ನ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ನುಗ್ಗೆಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂವು, ಜೊತೆಗೆ ತುರಿದ ಸಿಹಿಗುಂಬಳ ಕೊಡಿ. ರೇಷ್ಮೆ ಬೆಳೆಗಾರರ ಊರುಗಳು ನಿಮ್ಮ ಸುತ್ತಲೇ ಇರುವುದರಿಂದ ಹಿಪ್ಪುನೇರಳೆಗೆ ಬರವಿಲ್ಲ. ಔಷಧಿ ಹೊಡೆದ ಎಲೆಯಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಇಗುವಾನ ಸಾಕಿದವರನ್ನು ಗುರುತಿಸುತ್ತದೆಯೇ? ನಮ್ಮದು ಎತ್ತಿಕೊಳ್ಳಲು ಹೋದರೆ ಬಾಲ ಬೀಸುತ್ತದೆ.
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಗುರುತಿಸುತ್ತದೆ, ಆದರೆ ನಾಯಿಯಂತೆ ಓಡಿಬಂದು ತೋರಿಸುವುದಿಲ್ಲ. ಅದರ ನೆತ್ತಿಯ ನಡುವೆ ಮಸುಕಾದ ಪುಟ್ಟ ಹುರುಪೆಯೊಂದನ್ನು ಕಾಣುವಿರಿ. ಅದು ಮೂರನೆಯ ಕಣ್ಣು. ಅದಕ್ಕೆ ಆಕಾರ ಕಾಣದು, ಬೆಳಕು ಮತ್ತು ನೆರಳಿನ ವ್ಯತ್ಯಾಸ ಮಾತ್ರ ತಿಳಿಯುತ್ತದೆ. ಮೇಲಿನಿಂದ ಇಳಿಯುವ ನಿಮ್ಮ ಕೈ ಅದರ ಪಾಲಿಗೆ ಎರಗುವ ಗಿಡುಗ. ಪಕ್ಕದಿಂದ, ಅದರ ಕಣ್ಣಿಗೆ ಕಾಣುವಂತೆ ಅಂಗೈ ಚಾಚಿ, ಹೊಟ್ಟೆಯ ಕೆಳಗೆ ಆಸರೆ ಕೊಟ್ಟು ಎತ್ತಿ. ಬಾಲ ಹಿಡಿದು ಎಳೆದರೆ ಕಳಚಿಹೋದೀತು; ಮತ್ತೆ ಬೆಳೆದರೂ ಮೊದಲಿನ ಉದ್ದ, ಬಣ್ಣ ಬರುವುದಿಲ್ಲ. ನಾನು ಸಾಕಿದ್ದ ಹೆಣ್ಣು ಇಗುವಾನವೊಂದು ಮೊದಲ ಏಳು ತಿಂಗಳು ನನ್ನನ್ನು ದೂರದಿಂದಲೇ ನೋಡುತ್ತಿತ್ತು. ಒಂದು ಮಧ್ಯಾಹ್ನ ತಾನಾಗಿ ಬಂದು, ನಾಲಿಗೆಯ ತುದಿಯಿಂದ ನನ್ನ ಅಂಗಿಯ ತೋಳನ್ನು ಎರಡು ಬಾರಿ ಸೋಕಿ, ಉಗುರುಗಳನ್ನು ಮೆಲ್ಲನೆ ಊರುತ್ತ ಭುಜಕ್ಕೆ ಏರಿ ಕಣ್ಣು ಮುಚ್ಚಿಕೊಂಡಿತು. ಆ ಅರ್ಧ ಗಂಟೆ ನಾನು ಅಲುಗಾಡಲಿಲ್ಲ. ನಿಮ್ಮದು ಗಂಡಾಗಿದ್ದರೆ, ಬೆದೆಯ ತಿಂಗಳುಗಳಲ್ಲಿ ಮೈ ಕಿತ್ತಳೆ ಬಣ್ಣಕ್ಕೆ ತಿರುಗಿ ತಲೆಯಾಡಿಸುತ್ತಿರುವಾಗ ದೂರವಿರಿ, ಆಗ ಕಚ್ಚಿದರೆ ಹೊಲಿಗೆ ಹಾಕಬೇಕಾದೀತು.

ಪ್ರಶ್ನೆ: ನಮ್ಮ ಇಗುವಾನ ಸೀನಿದಾಗ ಗಾಜಿನ ಮೇಲೆ ಬಿಳಿ ಪುಡಿ ಅಂಟುತ್ತದೆ. ನೆಗಡಿಯೇ?
– ಓದುಗರು, ಮಂಗಳೂರು

ಉತ್ತರ: ಅಲ್ಲ, ಅದು ಉಪ್ಪು. ಹೆಚ್ಚಾದ ಲವಣವನ್ನು ಇಗುವಾನ ಮೂಗಿನ ಗ್ರಂಥಿಗಳ ಮೂಲಕ ಹೊರಹಾಕುತ್ತದೆ. ಲೋಳೆ ಸುರಿದರೆ ಅಥವಾ ಬಾಯಿ ತೆರೆದು ಏದುಸಿರು ಬಿಟ್ಟರೆ ವೈದ್ಯರಿಗೆ ತೋರಿಸಿ. ಒರೆಸಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಸರೀಸೃಪಗಳಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲಬಹುದು.

ಪ್ರಶ್ನೆ: ಇಗುವಾನ ಸಾಕಲು ಪರವಾನಗಿ ಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ನೋಂದಣಿ ಕಡ್ಡಾಯ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ಫೆಬ್ರುವರಿಯ ನಿಯಮಗಳಂತೆ, ಪ್ರಾಣಿ ಕೈಸೇರಿದ 30 ದಿನಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಮಾರುವವರು ಕಾಗದಪತ್ರ ಕೊಡದಿದ್ದರೆ ಕೊಳ್ಳಲೇಬೇಡಿ. ಅಂಗೈಯಗಲದ ಮರಿ ಬಾಲ ಸೇರಿ ಒಂದೂವರೆ ಮೀಟರ್ ಬೆಳೆದು, 15 ವರ್ಷಕ್ಕೂ ಹೆಚ್ಚು ಬಾಳಬಹುದು. ಅದಕ್ಕೆ ಒಂದು ಕೋಣೆಯಷ್ಟು ಜಾಗ ಬೇಕೆಂಬುದನ್ನು ಮೊದಲೇ ಯೋಚಿಸಿ. ಸಾಕಲಾಗದೆ ಕೆರೆಯ ಬದಿಗೆ ಬಿಟ್ಟುಬಿಡುವುದು ದೊಡ್ಡ ಅಪರಾಧ. ಹಾಗೆ ಹೊರಬಿದ್ದ ಇಗುವಾನಗಳು ಅಮೆರಿಕದ ಫ್ಲಾರಿಡಾದಲ್ಲಿ ಕಾಲುವೆ ದಂಡೆಗಳನ್ನು ತೋಡಿ ಕೆಡಿಸುವಷ್ಟು ಹೆಚ್ಚಿವೆ. ಇನ್ನೊಂದು ಮಾತು: ನಮ್ಮಲ್ಲಿ ಅನೇಕರು ಇದನ್ನು ಉಡವೆಂದೇ ತಿಳಿಯುತ್ತಾರೆ. ಉಡವನ್ನು ಸಾಕುವುದು ಕಾನೂನಿನಲ್ಲಿ ನಿಷಿದ್ಧವಾದ್ದರಿಂದ ನೆರೆಯವರು ದೂರು ಕೊಟ್ಟರೆ ಅರಣ್ಯ ಇಲಾಖೆಯವರು ಬಾಗಿಲಿಗೆ ಬರುತ್ತಾರೆ. ನೋಂದಣಿ ಪತ್ರದ ಒಂದು ಪ್ರತಿಯನ್ನು ಗೂಡಿನ ಬಳಿಯೇ ಇಟ್ಟುಕೊಳ್ಳಿ.