ಅಯೋವಾ ಹಡಗಿನ ತೋಪು ಸಿಡಿದದ್ದು ನಾವಿಕನೊಬ್ಬನ ಕೈವಾಡವೇ?

1989ರಲ್ಲಿ ಅಮೆರಿಕದ ಯುದ್ಧನೌಕೆ ಅಯೋವಾದಲ್ಲಿ ತೋಪು ಸಿಡಿದು 47 ಜನ ಸತ್ತರಲ್ಲ, ಅದು ಒಬ್ಬ ನಾವಿಕ ಬೇಕಂತಲೇ ಮಾಡಿದ್ದು ಎಂದು ಓದಿದೆ, ನಿಜವಾ ಅಂತ ಕೇಳಿದ್ದೀರಿ. ಹಾಗೆ ಹೇಳಿದ್ದು ಅವರ ನೌಕಾಪಡೆಯೇ. ಎರಡು ವರ್ಷ ಕಳೆದ ಮೇಲೆ ಆ ಮಾತು ವಾಪಸ್ ತೆಗೆದುಕೊಂಡದ್ದೂ ಅದೇ.

ಅವತ್ತು ಏಪ್ರಿಲ್ 19. ಪೋರ್ಟೊ ರಿಕೊ ಬಳಿ ಸಮುದ್ರದಲ್ಲಿ ಸುಮ್ನೆ ತಾಲೀಮು ನಡೆಯುತ್ತಿತ್ತು. ಅಯೋವಾ ಎರಡನೇ ಮಹಾಯುದ್ಧದ ಕಾಲದ ಹಡಗು. ರೇಗನ್ ಸರ್ಕಾರ 1984ರಲ್ಲಿ ಅದನ್ನು ಮತ್ತೆ ಸೇವೆಗೆ ಎಳೆದು ತಂದಿತ್ತು. 16 ಇಂಚು ಬಾಯಿಯ ತೋಪುಗಳು, ತೋಪು ಕೂರಿಸುವ ತಿರುಗುವ ಉಕ್ಕಿನ ಗೂಡಾದ ಒಂದೊಂದು ಟರೆಟ್‌ನಲ್ಲಿ ಮೂರು.

ಇಷ್ಟು ಜನ ಸತ್ತದ್ದು ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಆ ತೋಪಿಗೆ ಮದ್ದು ತುಂಬುವ ರೀತಿ ತಿಳಿದಿರಬೇಕು. ಮೊದಲು ಗುಂಡು ನಳಿಗೆಯೊಳಗೆ ಹೋಗುತ್ತದೆ. ಅವತ್ತಿನದು 2,700 ಪೌಂಡ್, ಅಂದರೆ 1,200 ಕಿಲೋಗೂ ಜಾಸ್ತಿ. ಅದರ ಹಿಂದೆ ರೇಷ್ಮೆ ಚೀಲಗಳಲ್ಲಿ ಕಟ್ಟಿದ ಮದ್ದು. ಪ್ರತಿ ಚೀಲದ ಹಿಂಬದಿಗೆ ಬೇಗ ಹೊತ್ತಿಕೊಳ್ಳುವ ಕರಿಮದ್ದಿನ ಪಟ್ಟಿ ಇರುತ್ತದೆ. ಇವನ್ನು ಒಳಗೆ ತಳ್ಳುವ ಯಂತ್ರಕ್ಕೆ ರ‍್ಯಾಮರ್ ಅಂತಾರೆ. ಗುಂಡನ್ನು ಜೋರಾಗಿ ತಳ್ಳಬಹುದು, ಚೀಲಗಳನ್ನು ಮಾತ್ರ ನಿಧಾನವಾಗಿಯೇ ತಳ್ಳಬೇಕು. ಆಮೇಲೆ ಹಿಂದಿನ ಬಾಗಿಲು ಮುಚ್ಚಬೇಕು. ಎರಡನೇ ಟರೆಟ್‌ನ ನಡುವಿನ ತೋಪಿನಲ್ಲಿ ಆ ಬಾಗಿಲು ಮುಚ್ಚುವ ಮೊದಲೇ ಮದ್ದು ಹೊತ್ತಿತು. ಬೆಂಕಿ ಹಿಂದಕ್ಕೆ, ಜನ ನಿಂತಿದ್ದ ಉಕ್ಕಿನ ಕೋಣೆಗೇ ನುಗ್ಗಿ ಕೆಳಗಿನ ಅಂತಸ್ತುಗಳಿಗೂ ಇಳಿಯಿತು. ತಳದ ಮದ್ದಿನ ಕೋಣೆಯ ಕಡೆ ಇದ್ದ ಕೆಲವರಷ್ಟೇ ಬದುಕಿದರು.

ಇನ್ನೊಂದು ವಿಷಯ. ಆ ಭಾರದ ಗುಂಡಿಗೆ ಬಳಸಲೇಬಾರದು ಎಂದಿದ್ದ ಜಾತಿಯ ಮದ್ದನ್ನು ಅವತ್ತು ಪ್ರಯೋಗಕ್ಕೆಂದು ಐದು ಚೀಲ ಹಾಕಿದ್ದರು. ಅದಕ್ಕೆ ಮೇಲಿನವರ ಅನುಮತಿಯೂ ಇರಲಿಲ್ಲ. ತನಿಖೆ ಇಲ್ಲಿಂದ ಶುರುವಾಗಬೇಕಿತ್ತು, ಅಲ್ವಾ? ಆದರೆ ನೌಕಾಪಡೆಯ ತನಿಖೆ ನಡೆಸಿದ ರಿಯರ್ ಅಡ್ಮಿರಲ್ ಮಿಲಿಗನ್ ತಂಡ ಸತ್ತವರಲ್ಲೇ ಒಬ್ಬನ ಖಾಸಗಿ ಬದುಕು ಕೆದಕಿತು. ಸ್ನೇಹ ಮುರಿದ ಬೇಸರಕ್ಕೆ ಚೀಲಗಳ ನಡುವೆ ಸ್ಫೋಟಕ ಇಟ್ಟ ಎಂದಿತು. ಎಫ್‌ಬಿಐ ಅವನನ್ನು ಕಾಣದೆಯೇ ಅವನ ಮನಸ್ಸು ಹೀಗಿತ್ತು ಎಂದು ಬರೆದುಕೊಟ್ಟಿತು. ಸತ್ತವನು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ.

ಸಂಸತ್ತಿನ ಒತ್ತಾಯದ ಮೇಲೆ ಸರ್ಕಾರದ್ದೇ ಆದ ಸ್ಯಾಂಡಿಯಾ ಪ್ರಯೋಗಾಲಯ ಮತ್ತೆ ನೋಡಿತು. ಸ್ಫೋಟಕದ ಗುರುತು ಎಂದಿದ್ದ ರಾಸಾಯನಿಕಗಳು ಟರೆಟ್‌ನಲ್ಲಿ ಮಾಮೂಲಾಗಿ ಇರುವಂಥವೇ. ರ‍್ಯಾಮರ್ ಚೀಲಗಳನ್ನು ಎರಡಡಿಯಷ್ಟು ಹೆಚ್ಚು ತಳ್ಳಿ ಗುಂಡಿಗೆ ಒತ್ತಿತ್ತು. ಚೀಲದೊಳಗೆ ಮದ್ದಿನ ದಪ್ಪ ತುಂಡುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ತೂಕ ಸರಿಮಾಡಲು ಅಂಗಡಿಯವನು ಕೊನೆಗೆ ನಾಲ್ಕು ಕಾಳು ಹಾಕುವ ಹಾಗೆ ಮೇಲೆ ಒಂದಷ್ಟು ತುಂಡು ಅಡ್ಡಡ್ಡ ಇಡುತ್ತಾರೆ. ಅವು ಕಡಿಮೆ ಇದ್ದಷ್ಟೂ ಒತ್ತಡವೆಲ್ಲ ಅವುಗಳ ಮೇಲೇ. ಮುರಿದರೆ ಕಿಡಿ, ಪಕ್ಕದಲ್ಲೇ ಇನ್ನೊಂದು ಚೀಲದ ಕರಿಮದ್ದು. 1990ರ ಮೇ 24ರಂದು ನೌಕಾಪಡೆಯ ಪರೀಕ್ಷಾ ಕೇಂದ್ರವಿರುವ ಡಾಲ್‌ಗ್ರೆನ್‌ನಲ್ಲಿ ಹಾಗೇ ಚೀಲಗಳ ಮೇಲೆ ಭಾರ ಬೀಳಿಸಿ ನೋಡಿದರು. 18ನೇ ಸಲಕ್ಕೆ ಸಿಡಿಯಿತು! ನೌಕಾಪಡೆ ಆ 16 ಇಂಚಿನ ತೋಪುಗಳನ್ನು ಹಾರಿಸುವುದನ್ನೇ ತಕ್ಷಣ ತಡೆಹಿಡಿಯಿತು.

1991ರ ಅಕ್ಟೋಬರ್‌ನಲ್ಲಿ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಕೆಲ್ಸೊ ಆ ನಾವಿಕನ ಮನೆಯವರ ಕ್ಷಮೆ ಕೇಳಿದರು. ಅಪಘಾತ ಅಂತ ಮಾತ್ರ ಒಪ್ಪಲಿಲ್ಲ, ಕಾರಣ ನಿರ್ಧರಿಸಲಾಗಿಲ್ಲ ಎಂದರು. ನನಗಂತೂ ಸ್ಯಾಂಡಿಯಾದವರ ಲೆಕ್ಕವೇ ಸರಿ ಅನಿಸುತ್ತದೆ. ನೀವು ಓದಿದ್ದು 1989ರ ಮೊದಲ ವರದಿಯನ್ನಷ್ಟೇ ನಂಬಿ ಬರೆದದ್ದಿರಬೇಕು.