ನಲವತ್ತನಾಲ್ಕನೆಯ ತಟ್ಟೆ

ಪ್ರಿಯ ಟೀಚರ್,

ನಿಮ್ಮ ‘ದೂರದ ಅತಿಥಿಗಳು’ ಧಾರಾವಾಹಿಯ ಹಸ್ತಪ್ರತಿ ನನ್ನ ಮೇಜಿಗೆ ಬಂದು ಎರಡು ತಿಂಗಳಾಯಿತು. ಎರಡು ಸಲ ಓದಿದೆ, ಮೊದಲ ಸಲ ಆಕಳಿಸುತ್ತ, ಎರಡನೆಯ ಸಲ ಪೆನ್ಸಿಲ್ ಹಿಡಿದು. ಸುತ್ತಿ ಬಳಸಿ ಹೇಳುವುದು ನನಗೆ ಬಾರದು: ಈಗಿರುವ ರೂಪದಲ್ಲಿ ಇದನ್ನು ತೆಗೆದುಕೊಳ್ಳಲಾಗುವುದಿಲ್ಲ. ಹಾಗೆಂದು ‘ವಿಷಾದಪೂರ್ವಕ’ ಎಂದು ಶುರುವಾಗುವ ಅಚ್ಚಿನ ಚೀಟಿ ಅಂಟಿಸಿ ಹಿಂದಿರುಗಿಸಲೂ ಮನಸ್ಸಾಗಲಿಲ್ಲ. ಕಾರಣ ನಿಮ್ಮ 31ನೆಯ ಪುಟ. ಅಲ್ಲಿಗೆ ಆಮೇಲೆ ಬರುತ್ತೇನೆ.

ಈ ಉತ್ತರವನ್ನು ಬೇರೆ ಹೊಸ ಬರಹಗಾರರೂ ಓದಲಿ ಎಂದು ನೀವು ಒಪ್ಪಿದ್ದೀರಿ. ಅವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಾಸರಗೋಡಿನ ಒಳನಾಡಿನಲ್ಲಿ ಒಂದು ಕನ್ನಡ ಮಾಧ್ಯಮ ಶಾಲೆ. ಬೇರೊಂದು ಗ್ರಹದ ಮೂವರು, ಮುಖ್ಯೋಪಾಧ್ಯಾಯ ಮತ್ತು ಇಬ್ಬರು ಅಧ್ಯಾಪಕರ ವೇಷದಲ್ಲಿ ಅಲ್ಲಿ ಸೇರಿಕೊಂಡಿದ್ದಾರೆ. ಮಕ್ಕಳ ನೆನಪಿನ ಶಕ್ತಿಯನ್ನು ಕದಿಯುವುದು ಅವರ ಹಂಚಿಕೆ. ಶಾಲೆಯ ಹಿಂದಿನ ಸುರಂಗದೊಳಗೆ ಅವರ ನೌಕೆ ಅಡಗಿದೆ. ಏಳನೆಯ ತರಗತಿಯ ನಾಲ್ವರು ಇದನ್ನು ಪತ್ತೆ ಹಚ್ಚಿ, ಎಂಟನೆಯ ಕಂತಿನಲ್ಲಿ ಭೂಮಿಯನ್ನು ಉಳಿಸುತ್ತಾರೆ.

ಭೂಮಿ ಉಳಿಯಿತು, ಸಂತೋಷ. ನಿಮ್ಮ ಶಾಲೆ ಉಳಿಯಲಿಲ್ಲ ಎನ್ನುವುದು ನನ್ನ ತಕರಾರು. ಮೊದಲ ಕಂತಿನಲ್ಲೇ ಮಕ್ಕಳು ಲಾಕರ್ ತೆರೆದು ಪುಸ್ತಕ ತೆಗೆಯುತ್ತಾರೆ. ನೆಲಮಾಳಿಗೆಯಲ್ಲಿ ಪ್ರಯೋಗಾಲಯವಿದೆ. ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ ಸಿಗುತ್ತದೆ. ಟೀಚರ್, ನೀವು ಇಷ್ಟು ವರ್ಷ ಪಾಠ ಮಾಡಿದ್ದು ಯಾವ ಗ್ರಹದಲ್ಲಿ? ನಾನು ಓದಿದ ಶಾಲೆಗೆ ಹಂಚಿನ ಮಾಡು. ಮೂರನೆಯ ತರಗತಿಗೂ ನಾಲ್ಕನೆಯ ತರಗತಿಗೂ ನಡುವೆ ಗೋಡೆಯಿರಲಿಲ್ಲ, ತಟ್ಟಿ ಇತ್ತು. ಈಚೆಯ ಮಗ್ಗಿ ಆಚೆಯ ಪದ್ಯದೊಳಗೆ ನುಗ್ಗುತ್ತಿತ್ತು. ಜೂನ್ ತಿಂಗಳ ಮಳೆ ಹಂಚಿನ ಮೇಲೆ ಸುರಿಯತೊಡಗಿದರೆ ಅಧ್ಯಾಪಕರು ಸೀಮೆಸುಣ್ಣ ಕೆಳಗಿಟ್ಟು, ಕೈಕಟ್ಟಿ, ನಿಲ್ಲುವವರೆಗೆ ಕಾಯುತ್ತಿದ್ದರು. ಗುಟ್ಟು ಹೇಳಲು ಜಾಗವೇ ಇಲ್ಲದ ಕಟ್ಟಡ ಅದು. ಗುಟ್ಟು ಕಾಯುವುದೇ ಕಥೆಯಾದಾಗ ಇದಕ್ಕಿಂತ ಒಳ್ಳೆಯ ಕಟ್ಟಡ ಎಲ್ಲಿ ಸಿಗುತ್ತದೆ? ಮಳೆ ಜೋರಾದ ಹತ್ತು ನಿಮಿಷ ಮಾತ್ರ ನಿಮ್ಮ ನಾಲ್ವರು ಮಕ್ಕಳು ಮಾತನಾಡಿಕೊಳ್ಳಬಹುದು. ಮಳೆ ಹಠಾತ್ತನೆ ನಿಂತರೆ ಅರ್ಧಕ್ಕೆ ತುಂಡಾದ ವಾಕ್ಯ ಇಡೀ ಶಾಲೆಗೆ ಕೇಳಿಸುತ್ತದೆ. ಕಂತಿನ ಕೊನೆಗೆ ಇಡಬೇಕಾದದ್ದು ಇಂಥದನ್ನು. ನೀವು ಇಟ್ಟಿರುವುದು ಸ್ಫೋಟವನ್ನು.

ಎರಡನೆಯ ಕಂತಿನಲ್ಲಿ ಬರುವ ಈ ಮಾತನ್ನು ನೋಡಿ: ‘ಹೆದರಬೇಡಿ ಮಕ್ಕಳೇ, ಈ ಭಾಷಾಂತರ ಯಂತ್ರವಿರುವುದರಿಂದ ನಮ್ಮ ಮಾತು ನಿಮಗೆ, ನಿಮ್ಮ ಮಾತು ನಮಗೆ ತಿಳಿಯುತ್ತದೆ.’ ಇದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗೀರಿದ್ದು ಸ್ವಲ್ಪ ಜೋರಾಗಿಯೇ ಬಿದ್ದಿದೆ, ಕಾಗದ ಹರಿದಿದ್ದರೆ ಕ್ಷಮಿಸಿ. ಎಲ್ಲಿಯೋ ಕುಳಿತು ಬರೆಯುವವರಿಗೆ ಇಂಥ ಯಂತ್ರ ಬೇಕಾಗುತ್ತದೆ. ಕಾಸರಗೋಡಿನವರಿಗೆ ಬೇಡ. ಸಪ್ತಭಾಷೆಗಳ ನಾಡು ಎನ್ನುವುದು ನಮ್ಮ ವೇದಿಕೆಗಳಲ್ಲಿ ಹೇಳಿ ಹೇಳಿ ಸವೆದುಹೋದ ಮಾತು. ಆದರೆ ನಿಮ್ಮ ತರಗತಿಯ ಒಂದು ಬೆಂಚನ್ನೇ ನೋಡಿ: ಮನೆಯಲ್ಲಿ ತುಳು ಆಡುವವಳು ಒಬ್ಬಳು, ಬ್ಯಾರಿ ಆಡುವವನು ಒಬ್ಬ, ಹವ್ಯಕರ ಹುಡುಗ, ಮರಾಟಿ ಹುಡುಗಿ. ಪುಸ್ತಕ ಕನ್ನಡದ್ದು, ಬಸ್ಸಿನ ಬೋರ್ಡು ಮಲಯಾಳದ್ದು. ಅರ್ಥವಾಗದ ಭಾಷೆಯವರ ಪಕ್ಕದಲ್ಲಿ ಕುಳಿತು ಬುತ್ತಿ ಹಂಚಿಕೊಳ್ಳುವುದು ಈ ಮಕ್ಕಳಿಗೆ ಒಂದನೆಯ ತರಗತಿಯಿಂದ ರೂಢಿ.

ನಾನು ಐದನೆಯ ತರಗತಿಯಲ್ಲಿದ್ದಾಗ ಕನ್ನಡದ ಒಂದಕ್ಷರವೂ ಬಾರದ ಮಾಷ್ (ಮಲಯಾಳದಲ್ಲಿ ಮೇಷ್ಟ್ರು) ಒಬ್ಬರು ಗಣಿತ ಕಲಿಸಲು ಬಂದರು. ಹೆತ್ತವರು ಸಿಟ್ಟಾದರು, ಅರ್ಜಿ ಬರೆದರು, ಕಚೇರಿಯ ಮುಂದೆ ಕುಳಿತರು. ಅದು ನ್ಯಾಯವಾದ ಸಿಟ್ಟು. ಅವರ ಅರ್ಜಿ ಮೇಜಿನಿಂದ ಮೇಜಿಗೆ ಹೋಗುತ್ತಿದ್ದ ಆ ಎರಡು ತಿಂಗಳು ತರಗತಿಯೊಳಗೆ ನಡೆದದ್ದೇ ಬೇರೆ. ಮಾಷ್ ಭಿನ್ನರಾಶಿ ಕಲಿಸಲು ದಿನಾ ಒಂದು ಬಾಳೆಹಣ್ಣು ತರುತ್ತಿದ್ದರು. ಕಾಲು ಭಾಗ ಎಂದರೆ ಎಷ್ಟು ಎನ್ನುವುದು ನಮಗೆ ನಾಲಗೆಗೆ ತಿಳಿದಿತ್ತು, ಅದರ ಹೆಸರು ತಿಳಿದಿರಲಿಲ್ಲ. ಅವರು ಕಲಿತ ಮೊದಲ ಕನ್ನಡ ಪದ ‘ಸುಮ್ಮನಿರಿ’. ಎರಡನೆಯದು ‘ಸಾಕು’. ಇಂಥ ಶಾಲೆಗೆ ಬೇರೆ ಗ್ರಹದವನು ಬಂದರೆ ಏನಾಗುತ್ತದೆ, ಯೋಚಿಸಿ. ಯಾರೂ ಬೆಚ್ಚುವುದಿಲ್ಲ! ತುಳುವರು ಅವನಾಡುವುದು ಕೊಂಕಣಿ ಇರಬೇಕು ಎಂದುಕೊಳ್ಳುತ್ತಾರೆ. ಕೊಂಕಣಿಯವರು ಅದನ್ನು ಮರಾಟಿ ಎನ್ನುತ್ತಾರೆ. ಆಫೀಸಿನಲ್ಲಿ, ಕೆಂಪುಕಲ್ಲಿನ ಕೋರೆಗೆ ಬಂದ ಅತಿಥಿ ಕಾರ್ಮಿಕರ ಮಗು ಇರಬೇಕು, ಊರು ಒಡಿಶಾವೋ ಬಂಗಾಳವೋ ಎಂದು ತೀರ್ಮಾನವಾಗುತ್ತದೆ. ಕೇರಳದಲ್ಲಿ ಹೊರರಾಜ್ಯದ ಕೂಲಿಯವರನ್ನು ಸರಕಾರಿ ಕಾಗದದಲ್ಲೂ ಅತಿಥಿಗಳು ಎಂದೇ ಕರೆಯುತ್ತಾರಲ್ಲ, ನಿಮ್ಮ ಶೀರ್ಷಿಕೆ ನಿಮಗಿಂತ ಜಾಣ. ಎದುರಿಗೆ ಕುಳಿತವನು ಭೂಮಿಯವನೇ ಅಲ್ಲ ಎಂದು ತಿಳಿಯಲು ಮೂರು ಕಂತು ಬೇಕು. ಆ ಮೂರು ಕಂತಿನ ನಗುವನ್ನು ನಿಮ್ಮ ಯಂತ್ರ ನುಂಗಿಬಿಟ್ಟಿದೆ.

ನಡುವೆ ಒಂದು ಮಾತು. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪನದ ಒಂದೊಂದು ಧ್ವನಿಮುದ್ರಿಕೆ ಇದೆ, ಅದರಲ್ಲಿ ಬೇರೆ ಗ್ರಹದವರಿಗೆಂದು 55 ಭಾಷೆಗಳ ಶುಭಾಶಯವಿದೆ. ಕನ್ನಡ ಇದೆ, ತೆಲುಗು ಇದೆ, ಮರಾಠಿ ಇದೆ. ಮಲಯಾಳ ಇಲ್ಲ, ತಮಿಳು ಇಲ್ಲ, ತುಳು ಇಲ್ಲ. ವಿಜ್ಞಾನದ ಟೀಚರ್ ಇದನ್ನು ಮೊಬೈಲಿನಲ್ಲಿ ಹಾಕಿ ಆ ಹೊಸ ಹುಡುಗನಿಗೆ ಕೇಳಿಸಲಿ. ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು’ ಎಂದು ಕೇಳಿದೊಡನೆ ಅರ್ಧ ತರಗತಿ ಚಪ್ಪಾಳೆ ತಟ್ಟುತ್ತದೆ, ಉಳಿದರ್ಧ ‘ನಮ್ಮದು ಯಾಕಿಲ್ಲ?’ ಎಂದು ಜಗಳಕ್ಕೆ ನಿಲ್ಲುತ್ತದೆ. ಯಾರನ್ನು ಉದ್ದೇಶಿಸಿ ಕಳುಹಿಸಿದ್ದೋ ಆ ಹುಡುಗನಿಗೆ ಮಾತ್ರ ಒಂದೂ ಅರ್ಥವಾಗುವುದಿಲ್ಲ, ಅವನು ಕಿಟಕಿಯಾಚೆ ಕಾಗೆಯನ್ನು ನೋಡುತ್ತಿರುತ್ತಾನೆ.

ಇನ್ನು ವಿಜ್ಞಾನ. ‘ಐನೂರು ಜ್ಯೋತಿರ್ವರ್ಷಗಳಿಂದ ಈ ದಿನಕ್ಕಾಗಿ ಕಾಯುತ್ತಿದ್ದೇವೆ’ ಎಂದು ನಿಮ್ಮ ಖಳನಾಯಕ ಗುಡುಗುತ್ತಾನೆ. ಜ್ಯೋತಿರ್ವರ್ಷ ಕಾಲದ ಅಳತೆಯಲ್ಲ, ದೂರದ ಅಳತೆ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ‘ಮಂಗಳೂರಿನಿಂದ ಐವತ್ತು ಕಿಲೋಮೀಟರ್ ಹೊತ್ತು ಕಾದೆ’ ಎಂದು ಯಾರಾದರೂ ಹೇಳಿದರೆ ನೀವು ಕೆಂಪು ಶಾಯಿ ಹಾಕುವುದಿಲ್ಲವೇ? ಆದರೆ ಈ ತಪ್ಪನ್ನು ತಿದ್ದುವಾಗ ನಿಮಗೊಂದು ನಿಧಿ ಸಿಗುತ್ತದೆ. ಆ ಹುಡುಗನ ಊರು ಇಲ್ಲಿಂದ 37 ಜ್ಯೋತಿರ್ವರ್ಷ ದೂರ ಎಂದಿಟ್ಟುಕೊಳ್ಳಿ. ಅಲ್ಲಿಂದ ಅವನ ಹಿರಿಯರು ಭೂಮಿಯ ಚಿತ್ರ ತೆಗೆದರೆ ಅದರಲ್ಲಿ ಕಾಣುವುದು 37 ವರ್ಷ ಹಳೆಯ ಭೂಮಿ. ಆ ಚಿತ್ರ ಹಿಡಿದುಕೊಂಡು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಹೊರಟರೂ ಇಲ್ಲಿಗೆ ಬರಲು ಇನ್ನೂ 37 ವರ್ಷ ಕಳೆಯುತ್ತದೆ. ಅಂದರೆ ಅವನ ಕೈಯಲ್ಲಿರುವುದು 74 ವರ್ಷ ಹಿಂದಿನ ಕಾಸರಗೋಡು, ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಇನ್ನೂ ಬಂದಿಲ್ಲ. ಚಿತ್ರದಲ್ಲಿ ಬರಿಯ ಪದವು (ಗುಡ್ಡದ ಮೇಲಿನ ಬಯಲು) ಎಂದು ಕಂಡ ಜಾಗದಲ್ಲಿ ಬಂದಿಳಿದರೆ ಎದುರಿಗೆ ನಿಮ್ಮ ಶಾಲೆ! ಚಿತ್ರದ ಮೂಲೆಯಲ್ಲಿರುವ ಒಂಟಿ ಮಾವಿನಮರವನ್ನು ಗುರುತಿಸಬಲ್ಲವರು ಊರಿನಲ್ಲಿ ಒಬ್ಬರೇ ಉಳಿದಿದ್ದಾರೆ, ಯಾವುದೋ ಮಗುವಿನ ಮುತ್ತಜ್ಜಿ.

ಆ ಚಿತ್ರದಲ್ಲಿ ಗಡಿ ಕಾಣಿಸುವುದಿಲ್ಲ. ಅದನ್ನು ಯಾವುದಾದರೂ ಮಗುವಿನ ಬಾಯಿಯಿಂದ ಭಾಷಣ ಮಾಡಿಸುವ ಆಸೆ ನಿಮಗಾಗುತ್ತದೆ, ನನಗೂ ಆಗುತ್ತದೆ. ದಯವಿಟ್ಟು ಬೇಡ. ಅದರ ಬದಲು ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಲೆಕ್ಕವನ್ನು ಬಳಸಿಕೊಳ್ಳಿ. ಬೆಳಕಿನ ವೇಗದ ತೀರಾ ಹತ್ತಿರ ಹೋದವನ ಗಡಿಯಾರದಲ್ಲಿ ಸ್ವಲ್ಪವೇ ಸಮಯ ಕಳೆದಿರುತ್ತದೆ. ಹುಡುಗ ಹುಡುಗನಾಗಿಯೇ ಬಂದಿಳಿದಿದ್ದಾನೆ. ಅವನನ್ನು ಬೀಳ್ಕೊಟ್ಟ ತಾಯಿಗೆ 37 ವರ್ಷ ಹೆಚ್ಚು ವಯಸ್ಸಾಗಿದೆ. ನೆನಪು ಕದಿಯುವ ರಾಕ್ಷಸರಿಗಿಂತ ಇದು ಮಕ್ಕಳನ್ನು ರಾತ್ರಿ ಹೆಚ್ಚು ಹೊತ್ತು ಎಚ್ಚರವಾಗಿಡುತ್ತದೆ.

ಸುರಂಗವನ್ನು ತಂದದ್ದಕ್ಕೆ ಭೇಷ್. ಆದರೆ ಅದರೊಳಗೆ ಇಪ್ಪತ್ತು ಮೀಟರ್ ಅಗಲದ ನೌಕೆಯನ್ನು ನಿಲ್ಲಿಸಿದ್ದೀರಿ. ಬಾಯಾರು, ಪಡ್ರೆ ಕಡೆಯ ಮಕ್ಕಳು ಇದನ್ನು ನೋಡಿದರೆ ಬಿದ್ದು ಬಿದ್ದು ನಗುತ್ತಾರೆ. ಗುಡ್ಡದ ಮುರಕಲ್ಲಿನೊಳಗೆ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ಎರಡು, ಎರಡೂವರೆ ಅಡಿ ಅಗಲ. ಒಬ್ಬ ಮನುಷ್ಯ ಹೋಗಬಹುದು, ಎದುರಿನಿಂದ ಇನ್ನೊಬ್ಬ ಬಂದರೆ ಒಬ್ಬರು ಹಿಂದಕ್ಕೆ ನಡೆಯಬೇಕು. ಹಣೆಗೆ ತಣ್ಣನೆಯ ಹನಿ, ಕಿವಿಯ ಪಕ್ಕ ಬಾವಲಿ, ಕಾಲಡಿಯಲ್ಲಿ ಹರಿದು ಅಡಿಕೆ ಮರದ ದಂಬೆಯ ಕಾಲುವೆಗೆ ಸೇರುವ ನೀರು. ಕೊರೆಯುವವರು ಒಳಗೆ ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. ಅದು ಮಂಕಾದರೆ ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿದು ಹೊರಗೆ ಬರುತ್ತಾರೆ. ನಿಮ್ಮ ನಾಲ್ವರಲ್ಲಿ ಒಬ್ಬಳ ಅಜ್ಜ ಸುರಂಗ ಕೊರೆಯುವವನಾಗಿರಲಿ. ಮೊಮ್ಮಗಳನ್ನು ಹಿಂದಿಟ್ಟುಕೊಂಡು ಅಜ್ಜ ಒಳಗೆ ಹೋಗುತ್ತಾನೆ. ನೂರು ಹೆಜ್ಜೆಗೆ ಬತ್ತಿ ಮಂಕಾಗಬೇಕು. ಆಗುವುದಿಲ್ಲ. ಇನ್ನೂ ಹತ್ತು ಹೆಜ್ಜೆಗೆ ಜ್ವಾಲೆ ಉದ್ದವಾಗುತ್ತದೆ, ಬೆಳ್ಳಗಾಗುತ್ತದೆ. ಅಜ್ಜ ನಿಲ್ಲುತ್ತಾನೆ. ಐವತ್ತು ವರ್ಷದಲ್ಲಿ ಅವನು ಇಂಥದ್ದನ್ನು ಕಂಡಿಲ್ಲ. ಆ ಕತ್ತಲೆಯಲ್ಲಿ ಯಾರೋ ಆಮ್ಲಜನಕವನ್ನು ಉಸಿರಾಗಿ ಹೊರಗೆ ಬಿಡುತ್ತಿದ್ದಾರೆ. ಇಡೀ ದೃಶ್ಯದ ಖರ್ಚು ಒಂದು ಮೇಣದಬತ್ತಿ. ನಿಮ್ಮ ನೌಕೆಯ ಖರ್ಚು ಕೇಳಿದರೆ ಯಾವ ನಿರ್ಮಾಪಕನೂ ಫೋನ್ ಎತ್ತುವುದಿಲ್ಲ.

ಖರ್ಚಿನ ಮಾತು ಬಂತು, ಬೇಗ ಮುಗಿಸುತ್ತೇನೆ. ಚಿತ್ರಕಥೆಯಲ್ಲಿ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ. ಜಾಹೀರಾತು ಕಳೆದರೆ ಅರ್ಧ ಗಂಟೆಯಲ್ಲಿ ನಿಮಗೆ ಉಳಿಯುವುದು ಇಪ್ಪತ್ತೆರಡು ನಿಮಿಷ, ನಿಮ್ಮ ಮೊದಲ ಕಂತು 41 ಪುಟ. ಪದವಿನ ಮೇಲೆ ಮೂವತ್ತು ಮಕ್ಕಳ ಒಂಬತ್ತು ರಾತ್ರಿಯ ದೃಶ್ಯ ಬರೆದಿದ್ದೀರಿ. ಮಕ್ಕಳನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವು ಕೊಡದೆ ಮೂರು ಗಂಟೆ ಮೀರುವಂತಿಲ್ಲ, ಜಿಲ್ಲಾ ದಂಡಾಧಿಕಾರಿಯ ಅನುಮತಿ ಮೊದಲೇ ಬೇಕು. ಇದು ಕಾನೂನು. ಹಗಲಿನಲ್ಲಿ ನಡೆಯಬಹುದಾದ್ದನ್ನೆಲ್ಲ ಹಗಲಿಗೆ ತನ್ನಿ. ಸಂಭಾಷಣೆಯ ಕನ್ನಡವೂ ಬೆಂಗಳೂರಿನ ಧಾರಾವಾಹಿಗಳಿಂದ ಎರವಲು ತಂದಂತಿದೆ. ‘ಎಂಥದು ಮಾರಾಯ’ ಎನ್ನಬೇಕಾದ ಹುಡುಗ ‘ಓ ದೇವರೇ, ಇದು ಅನ್ಯಗ್ರಹ ಜೀವಿ!’ ಎನ್ನುತ್ತಾನೆ. ಕಣ್ಣೆದುರು ಇರುವುದನ್ನು ಮಕ್ಕಳು ಹೀಗೆ ಘೋಷಿಸುವುದಿಲ್ಲ, ಪಕ್ಕದವನ ಅಂಗಿ ಜಗ್ಗುತ್ತಾರೆ.

ಈಗ 31ನೆಯ ಪುಟ. ಅಡುಗೆಯ ಅಕ್ಕ ಮಧ್ಯಾಹ್ನದ ಅನ್ನ, ಹೆಸರುಕಾಳಿನ ಪಲ್ಯ ಬಡಿಸಿ ಮುಗಿಸಿ, ತೊಳೆದಿಟ್ಟ ತಟ್ಟೆಗಳನ್ನು ಎಣಿಸುತ್ತಾಳೆ. ಹಾಜರಿ ಪುಸ್ತಕದಲ್ಲಿ 43, ತಟ್ಟೆ 44. ಮತ್ತೆ ಎಣಿಸುತ್ತಾಳೆ. ಎರಡೇ ಸಾಲು. ಮುಂದಿನ ದೃಶ್ಯದಲ್ಲಿ ನೀವು ಲೇಸರ್ ಬಂದೂಕು ಹಿಡಿದು ಓಡಿದ್ದೀರಿ, ಆ ತಟ್ಟೆಯನ್ನು ಮತ್ತೆ ಯಾರೂ ಕೇಳುವುದಿಲ್ಲ.

ಟೀಚರ್, ಕಥೆ ಅಲ್ಲಿದೆ. ಮೂವರು ಖಳರನ್ನು ಅವರ ಗ್ರಹಕ್ಕೆ ಕಳುಹಿಸಿ, ಈ ನಲವತ್ತನಾಲ್ಕನೆಯವನನ್ನು ಉಳಿಸಿಕೊಳ್ಳಿ. ಕೇರಳದ ಶಾಲೆಗಳಲ್ಲಿ ಆರನೆಯ ಕೆಲಸದ ದಿನ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಶಾಲೆ ತೆರೆದ ಆರನೆಯ ದಿನ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್ (ತರಗತಿಯ ವಿಭಾಗ) ಉಳಿಯುವುದೋ ಹೋಗುವುದೋ, ಯಾರ ಹುದ್ದೆ ಇರುತ್ತದೆ ಎಂಬುದೆಲ್ಲ ನಿಂತಿದೆ. ಒಂದು ಮಗು ಕಡಿಮೆಯಾದರೆ ಎಂದು ಕನ್ನಡ ಶಾಲೆಗಳಲ್ಲಿ ಮೇ ತಿಂಗಳಿಡೀ ನಿದ್ದೆಯಿರುವುದಿಲ್ಲ. ಅಂಥ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಹೆಚ್ಚಿಗೆ ಒಬ್ಬ ಹುಡುಗ ಸಿಕ್ಕಿದ್ದಾನೆ. ಅವನು ಯಾವ ಗ್ರಹದವನು ಎನ್ನುವುದಕ್ಕಿಂತ ಅವನಿಗೆ ಆಧಾರ್ ಇದೆಯೇ ಎನ್ನುವುದು ಆಕೆಯ ಚಿಂತೆ. ಎಂಟು ಕಂತು ಬೇಡ, ಆರು ಸಾಕು. ಒಂದೊಂದು ದಿನಕ್ಕೆ ಒಂದೊಂದು ಕಂತು, ಆರನೆಯ ದಿನ ಎಣಿಕೆ. ಐದನೆಯ ಸಂಜೆ ಮಳೆಗೆ ಕಲೆಕ್ಟರ್ ರಜೆ ಘೋಷಿಸಲಿ, ಎಣಿಕೆ ಮುಂದಕ್ಕೆ ಹೋಗಲಿ, ನೋಡುವವರು ಒಂದು ವಾರ ಚಡಪಡಿಸಲಿ.

ಮೊದಲ ಕಂತನ್ನು ಮಾತ್ರ ಹೊಸದಾಗಿ ಬರೆದು ಕಳುಹಿಸಿ. ಇಪ್ಪತ್ತೆರಡು ಪುಟ ಮೀರಬಾರದು. ಅಡುಗೆಕೋಣೆಯಿಂದಲೇ ಶುರು ಮಾಡಿ. ಕಳುಹಿಸುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ, ನಾನೂ ಹುಡುಕುತ್ತಿದ್ದೇನೆ: ಆ ತಟ್ಟೆ ತೊಳೆದಿಟ್ಟಿತ್ತು ಎಂದಿದ್ದೀರಿ. ತೊಳೆಯುವುದನ್ನು ಅವನಿಗೆ ತೋರಿಸಿಕೊಟ್ಟ ಮಗು ಯಾವುದು?

ಇತಿ,
ಸಂಪಾದಕ